ಎರಡೂ ತುದಿಗೆ ಕುಂಕುಮ

ಅಪ್ಪನ ದೋಣಿಗೆ ದೀಪ ಇರಲಿಲ್ಲ. ಕತ್ತಲಲ್ಲಿ ದೊಡ್ಡ ಬೋಟೊಂದು ಅದನ್ನು ಕಾಣದೆ ಮೇಲೆ ಹತ್ತಿಹೋಯಿತು. ಅದೇ ತ್ರಾಸಿ ಕಡಲಿಗೆ ಇಳಿಯತೊಡಗಿದಾಗ ಅಣ್ಣ ತನ್ನ ದೋಣಿಗೆ ಬ್ಯಾಟರಿ ದೀಪ ಕಟ್ಟಿದ. ಹಾಗಾಗಿ ಬ್ಯಾಟರಿಯ ಚಾರ್ಜರ್ ಕೆಟ್ಟರೆ ಅಮ್ಮನಿಗೆ ಅನ್ನ ಇಳಿಯುವುದಿಲ್ಲ.

ಆಯುಧ ಪೂಜೆಯ ಮರುದಿನ ಅದು ಕೆಟ್ಟಿತು. ಸಂಜೆಗೆ ಅಣ್ಣ ಹೊರಡಬೇಕು.

"ಯಾರದ್ದೋ ಕಣ್ಣ್ ಬಿದ್ದಿತ್ತ್. ದೈವದ ದರ್ಶನದಲ್ಲಿ ಕೇಂಬ," ಅಂದಳು ಅಮ್ಮ.

"ದೈವಕ್ಕೆ ಡಯೋಡ್ ನೋಡೂಕ್ ಬತ್ತಾ?" ಅಂದೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಜೊತೆ ಚರ್ಚಾಸ್ಪರ್ಧೆಯನ್ನೂ ಕಲಿತವಳು ನಾನು. ಎದುರಿಗಿರುವುದು ಅಮ್ಮನಾದರೂ ಬಿಡುವವಳಲ್ಲ.

"ಬಾಯಿ ಒಂದ್ ಇತ್ತ್ ಇವ್ಳಿಗೆ," ಅಂದ ಅಣ್ಣ. "ಮೊದ್ಲ್ ಬಿಚ್ಚ್ ಹೆಣೆ."

ಬಿಚ್ಚಿದೆ. ಉಪ್ಪುಗಾಳಿಯೇ ಕಾರಣ ಎಂಬ ನನ್ನ ವಾದ ಸಿದ್ಧವಾಗಿತ್ತು. ಮೀಟರ್ ಅದನ್ನು ಒಪ್ಪಲಿಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್‌ಗಳಲ್ಲಿ ಎರಡು, ಮೀಟರಿನ ಕಡ್ಡಿಗಳನ್ನು ಹೇಗೆ ತಿರುಗಿಸಿಟ್ಟರೂ ಕುಂಯ್ ಅನ್ನಿಸುತ್ತಿದ್ದವು, ಅಂದರೆ ಎರಡೂ ದಿಕ್ಕಿಗೆ ಬಿಡುತ್ತಿದ್ದವು. ಉಪ್ಪು ನಿಧಾನಕ್ಕೆ ತಿನ್ನುತ್ತದೆ. ಇವು ಒಂದೇ ಏಟಿಗೆ ಸುಟ್ಟಿದ್ದವು. ಫ್ಯೂಸ್ ಜಾಗದಲ್ಲಿ ಅಣ್ಣ ತಾಮ್ರದ ತಂತಿ ಸುತ್ತಿದ್ದರಿಂದ ಏಟು ನೇರ ಅವಕ್ಕೇ ಬಿದ್ದಿತ್ತು.

"ಬ್ಯಾಟರಿ ಉಲ್ಟಾ ಹಾಕಿದ್ಯಾ?"

"ನಂಗೆ ತಲೆ ಕೆಟ್ಟಿತ್ತಾ? ಪ್ಲಸ್‌ಗೆ ಕೆಂಪ್ ಪೇಂಟ್ ಹಚ್ಚದ್ದೇ ನಾನ್."

ಬ್ಯಾಟರಿ ನೋಡಿದೆ. ಎರಡೂ ತುದಿ ಕೆಂಪು. ಒಂದನ್ನು ಉಜ್ಜಿದರೆ ಬೆರಳಿಗೆ ಕುಂಕುಮ ಬಂತು; ಅಣ್ಣ ಅದನ್ನೇ ತನ್ನ ಪೇಂಟ್ ಅಂದುಕೊಂಡಿದ್ದ. ಪೂಜೆಯ ದಿನ ಅಮ್ಮ ಇಂಜಿನ್ನಿನಿಂದ ಹಿಡಿದು ಬಲೆಯ ಸೀಸದ ಗುಂಡಿನವರೆಗೆ ಯಾವುದನ್ನೂ ಬಿಟ್ಟಿರಲಿಲ್ಲ.

"ಎಂತದ್ರಿಂದ ಹೋದ್ದ್?" ಅಮ್ಮ ಬಾಗಿಲಿಗೆ ಬಂದಿದ್ದಳು.

ಗೆದ್ದ ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಉಪ್ಪ್ ಗಾಳಿ," ಅಂದುಬಿಟ್ಟ ಅಣ್ಣ.

ಕುಂದಾಪುರಕ್ಕೆ ಹೋಗಿ ಡಯೋಡ್, ಫ್ಯೂಸ್ ತಂದೆ. ಬೆಸುಗೆ ಹಾಕುತ್ತಾ ಅಣ್ಣನ ಜೊತೆ ಜಗಳಕ್ಕೆ ನಿಂತೆ. "ಹೇಳ್ದಿದ್ರೆ ಅಮ್ಮ ಬಪ್ಪ ವರ್ಷವೂ ಕುಂಕುಮ ಇಡತ್ತ್."

"ಬಪ್ಪ ವರ್ಷ ನಾನೇ ಒರ್ಸ್ತೆ. ದೀಪ ಇಲ್ದೆ ಕಳ್ಸಿ ಅಪ್ಪ ಹೋದ್ದೂ ತನ್ನಿಂದ್ಲೇ ಅಂದ್ಕಂಡ್ ಕೂತಿತ್ತ್ ಅಮ್ಮ. ಇದನ್ನೂ ಹೊರ್ಸ್ತ್ಯಾ?"

ಅಂಗಡಿಯಿಂದ ತಂದಿದ್ದ ಕೆಂಪು ಟೇಪನ್ನು ಪ್ಲಸ್‌ನ ವಯರಿಗೆ ಸುತ್ತಿದೆ.

ಸಂಜೆ ಹೊತ್ತಿಗೆ ಬ್ಯಾಟರಿ ಅರ್ಧ ತುಂಬಿತ್ತು. ಎತ್ತುವಾಗ ನೋಡಿದೆ: ಎರಡೂ ತುದಿಯ ಕುಂಕುಮವನ್ನು ಯಾರೋ ಒರೆಸಿದ್ದರು, ಅಣ್ಣನ ಪೇಂಟ್ ಮಾತ್ರ ಉಳಿದಿತ್ತು. ಮರಳಿನಲ್ಲಿ ನಿಂತ ಅಮ್ಮನ ಸೆರಗಿನ ಅಂಚು ಕೆಂಪಾಗಿತ್ತು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ದೋಣಿ ಅಲೆ ದಾಟಿತು.

"ದೀಪ ಕಾಣತ್ತಾ ಹೆಣೆ?"

"ಕಾಣತ್ತ್."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ದೋಣಿ ದೂರವಾಗಿ ನನಗೆ ಏನೂ ಕಾಣುತ್ತಿರಲಿಲ್ಲ. ಆಗಲೂ, "ಕಾಣತ್ತ್," ಅಂದೆ.