ಕನ್ನಡಿಯಮ್ಮನ ಸವೆದ ಬಟ್ಟೆ

ಉಕ್ಕಿನ ಬಿಲ್ಲೆಯನ್ನು ಉಜ್ಜಿ ಮುಖ ಕಾಣುವಂತೆ ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ಮೈಕ್ರೋಸ್ಕೋಪಿನ ಕೆಳಗಿಟ್ಟರೂ ಒಂದು ಗೆರೆ ಕಾಣಬಾರದು ಅಂದಾಗ ಗೊತ್ತಾಗುತ್ತದೆ ಕಷ್ಟ ಏನೆಂದು. ಕನ್ನಡಿಯಮ್ಮ ಆ ಕಷ್ಟವನ್ನು ಇಪ್ಪತ್ತೆರಡು ವರ್ಷ ಪಟ್ಟಿದ್ದರು, ಅದೂ ಖುಷಿಯಿಂದ. ಸಂಶೋಧನಾ ಕೇಂದ್ರದ ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕ ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ಎರಡು ತಿರುಗುವ ಚಕ್ರ, ಒಂದು ಸಿಂಕು, ಒಂದು ಸ್ಟೂಲು. ಮೇಲಿನ ಮಹಡಿಯಿಂದ ನಾಣ್ಯದಗಲದ ಬಿಲ್ಲೆಗಳು ಡಬ್ಬಿಯಲ್ಲಿ ಇಳಿದು ಬರುತ್ತಿದ್ದವು. ಇವರು ಒರಟು ಎಮರಿ ಕಾಗದದಿಂದ ಶುರು ಮಾಡಿ, ನಯದ ಕಾಗದಕ್ಕೆ ಬಂದು, ಕೊನೆಗೆ ಚಕ್ರಕ್ಕೆ ಬಟ್ಟೆ ಹಾಸಿ, ವಜ್ರದ ಪುಡಿಯ ಮುಲಾಮು ಸವರಿ ಉಜ್ಜಿ, ಕನ್ನಡಿ ಮಾಡಿ ವಾಪಸು ಕಳಿಸುತ್ತಿದ್ದರು. ಅದಕ್ಕೇ ಆ ಅಡ್ಡಹೆಸರು.

ಆ ಕನ್ನಡಿಗಳ ಮೇಲೆ ಮೇಲಿನವರು ತೆಳ್ಳಗೆ ಲೇಪ ಹಚ್ಚುತ್ತಿದ್ದರು. ಆಮೇಲೆ ಒಂದು ಯಂತ್ರ ಆ ಲೇಪದ ಮೇಲೆ ಗುಂಡು ಇಟ್ಟು ತಿಕ್ಕುತ್ತಿತ್ತು. ಎಷ್ಟು ತಿಕ್ಕಿಗೆ ಲೇಪ ಏಳುತ್ತದೆ ಅನ್ನುವುದೇ ಅವರ ಜೀವಮಾನದ ಪ್ರಶ್ನೆ. ಬೇರೆಯವರ ಲೇಪ ಹತ್ತು ಸಾವಿರ ತಿಕ್ಕಿಗೆ ಸೋತು ಸುಣ್ಣವಾದರೆ, ಈ ಕೇಂದ್ರದ ಮೇಷ್ಟ್ರ ಲೇಪ ಎರಡು ಲಕ್ಷ ತಿಕ್ಕಿದರೂ ಜಗ್ಗುತ್ತಿರಲಿಲ್ಲ. ಮೇಷ್ಟ್ರು ಅಂದರೆ ಆ ವಿಭಾಗದ ಮುಖ್ಯಸ್ಥರು. ಒಳ್ಳೆಯವರೇ, ಆದರೆ ನೆಲಮಹಡಿಗೆ ಇಳಿದವರಲ್ಲ. ಅವರು ಬರೆದ ನಲವತ್ತು ಪ್ರಬಂಧಗಳಲ್ಲಿ ಕನ್ನಡಿಯಮ್ಮನಿಗೆ ಸಿಕ್ಕಿದ್ದು ಕೊನೆಯಲ್ಲೊಂದು 'ತಾಂತ್ರಿಕ ಸಹಾಯಕ್ಕಾಗಿ ವಂದನೆಗಳು'.

ಹೀಗಿರುವಾಗ ಆಡಳಿತದವರಿಗೆ ಜ್ಞಾನೋದಯವಾಯಿತು. ಯಾರು ಎಷ್ಟು ದುಡಿದರು ಅನ್ನುವುದನ್ನು ಅಳೆಯಬೇಕಂತೆ. ಪ್ರತಿ ಪ್ರಬಂಧಕ್ಕೂ ನೂರು ಅಂಕ. ಯೋಚನೆಗೆ ಇಷ್ಟು, ಅಳತೆಗೆ ಇಷ್ಟು, ಬರವಣಿಗೆಗೆ ಇಷ್ಟು ಅಂತ ಹಂಚಬೇಕು. ಹತ್ತು ದಾಟಿದವರು ಮಾತ್ರ ಲೇಖಕರು, ಹೆಚ್ಚು ಅಂಕದವರ ಹೆಸರು ಮೊದಲು. ಮೂರು ವರ್ಷದಲ್ಲಿ ಒಂದಕ್ಕೂ ಲೇಖಕರಾಗದ ತಂತ್ರಜ್ಞರು ಸ್ಟೋರಿಗೆ ವರ್ಗ. ಆ ಲೆಕ್ಕದ ಪಟ್ಟಿ ಮಾಡುವ ಕೆಲಸ ಬಿದ್ದದ್ದು ಕೇಂದ್ರದ ಗ್ರಂಥಪಾಲಕಿಗೆ. ಆಕೆ ಕನ್ನಡಿಯಮ್ಮನ ಸ್ವಂತ ನಾದಿನಿ. ಅತ್ತಿಗೆಯ ಹೆಸರಿನ ಮುಂದೆ, ಲೇಖಕಿಯಾದ ಪ್ರಬಂಧ ಸೊನ್ನೆ ಅಂತ ತಾನೇ ಬರೆಯಬೇಕಾಗಿ ಬಂದು ಆಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕನ್ನಡಿಯಮ್ಮ ಮೊದಲ ಸಲ ಲಿಫ್ಟು ಹತ್ತಿ ಮೇಷ್ಟ್ರ ಕೋಣೆಗೆ ಹೋದರು. ಮೇಷ್ಟ್ರು ಫಾರಂ ತೆಗೆದು ತೋರಿಸಿದರು: ಬಿಲ್ಲೆ ತಯಾರಿಗೆ ನಾಲ್ಕು ಅಂಕ. ನಿಯಮ ನನ್ನದಲ್ಲ, ಪಾಲಿಶನ್ನು ನನ್ನ ಸಂಶೋಧನಾ ಹುಡುಗರೇ ಮಾಡಿಕೊಳ್ಳುತ್ತಾರೆ, ಸ್ಟೋರಿನಲ್ಲಿ ನಿಮಗೂ ಆರಾಮ ಅಂದರು. ಕನ್ನಡಿಯಮ್ಮ ಕೆಳಗಿಳಿದು ಬಂದರು. ಚಕ್ರದ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತರು. ಸಂಬಳ ಅಷ್ಟೇ ಇರುತ್ತದೆ, ಗೌರವಕ್ಕೂ ಕಮ್ಮಿಯಿಲ್ಲ ಅಂತ ಯಾರು ಸಮಾಧಾನ ಹೇಳಿದರೇನು? ಆ ಚಕ್ರ ಬಿಟ್ಟರೆ ತಾನು ಏನೂ ಅಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಅವರು ಸ್ಟೋರಿನಲ್ಲಿ ಕೈಗವಸಿನ ಪೆಟ್ಟಿಗೆ ಜೋಡಿಸುತ್ತ ಎರಡು ತಿಂಗಳು ಕಳೆದರು. ಅಷ್ಟರಲ್ಲಿ ಇತ್ತ ಮೇಷ್ಟ್ರ ಲೇಪಕ್ಕೆ ಏನೋ ಬಡಿದಿತ್ತು. ಹನ್ನೆರಡು ಸಾವಿರಕ್ಕೇ ಏಳುತ್ತಿತ್ತು. ಗಾಯದ ಮೇಲೆ ಬರೆ ಎಳೆದಂತೆ ಇನ್ನೊಂದು ಪ್ರಯೋಗಾಲಯದಿಂದ ಪತ್ರವೂ ಬಂತು: ನೀವು ಬರೆದಂತೆಯೇ ಮಾಡಿದೆವು, ಒಂದು ವರ್ಷದಿಂದ ನಮಗೆ ಬರುತ್ತಿಲ್ಲ, ಮಾಡಿ ತೋರಿಸಿ, ಇಲ್ಲವೇ ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳಿ. ಮೇಷ್ಟ್ರ ಮುಖ ಬಾಡಿತು. ಮರುದಿನ ಅವರೇ ಸ್ಟೋರಿಗೆ ಬಂದು, ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತು, ಒಂದು ತಿಂಗಳ ಮಟ್ಟಿಗೆ ಬನ್ನಿ ಅಂತ ಕೇಳಿಕೊಂಡರು.

"ಬರ್ತೀನಿ ಸಾರ್. ಆದ್ರೆ ಲೇಪ ನಿಂತ್ರೆ ಆ ಫಾರಂ ನನ್ನ ಎದುರಿಗೇ ತುಂಬಬೇಕು," ಅಂದರು ಕನ್ನಡಿಯಮ್ಮ. ಇಷ್ಟು ಮಾತು ಅವರ ಬಾಯಿಂದ ಬಂದದ್ದು ಕಂಡು ಅವರಿಗೇ ಆಶ್ಚರ್ಯ. ಮೇಷ್ಟ್ರು ಒಪ್ಪಿದರು.

ಕೋಣೆ ಫಳಫಳ ಹೊಳೆಯುತ್ತಿತ್ತು. ಹುಡುಗರು ಎಲ್ಲವನ್ನೂ ತೊಳೆದು, ಹೊಸದಾಗಿ ಜೋಡಿಸಿಟ್ಟಿದ್ದರು. ಕನ್ನಡಿಯಮ್ಮ ಸ್ಟೂಲಿನ ಮೇಲೆ ಕೂತು ಆರು ಬಿಲ್ಲೆ ಉಜ್ಜಿದರು. ಅದೇ ಕಾಗದ, ಅದೇ ಮುಲಾಮು, ಅದೇ ಕೈ. ಮೇಲೆ ಲೇಪ ಹಚ್ಚಿ ತಿಕ್ಕಿದರೆ, ಹದಿಮೂರು ಸಾವಿರಕ್ಕೆ ಎದ್ದುಹೋಯಿತು. ಆರಕ್ಕೆ ಆರೂ.

ಅವತ್ತು ಕನ್ನಡಿಯಮ್ಮನಿಗಾದ ಭಯ ಮೇಷ್ಟ್ರ ಭಯಕ್ಕಿಂತ ದೊಡ್ಡದು. ಹಾಗಾದರೆ ನಾಲ್ಕು ಅಂಕವೇ ಸರಿಯಾ? ಕೈಯಲ್ಲಿ ಏನೂ ಇರಲಿಲ್ಲವಾ? ಮನೆಗೆ ಬಂದು ಪಾತ್ರೆ ತೊಳೆಯುತ್ತ ನಿಂತರು. ಪಕ್ಕದಲ್ಲಿ ನಾದಿನಿ ತೊಳೆದದ್ದನ್ನು ಒರೆಸುತ್ತಿದ್ದಳು. ಹೊಸ ನಾರು ತಂದಿದ್ದಳು. ತೊಳೆದ ಸ್ಟೀಲ್ ತಟ್ಟೆಯ ತುಂಬ ಗೀರು.

"ಈ ನಾರು ಇನ್ನೂ ಪಳಗಿಲ್ಲ ಅತ್ತಿಗೆ, ನಾಲ್ಕು ದಿನ ಕಳೀಲಿ," ಅಂದಳು ನಾದಿನಿ.

ಕನ್ನಡಿಯಮ್ಮನ ಕೈ ಅಲ್ಲೇ ನಿಂತಿತು. ಪಾಲಿಶ್ ಬಟ್ಟೆಯನ್ನು ಹತ್ತು ಬಿಲ್ಲೆಗೊಮ್ಮೆ ಬದಲಿಸಿ ಅನ್ನುತ್ತದೆ ಡಬ್ಬಿಯ ಮೇಲಿನ ಸೂಚನೆ. ಅವರಿಗೆ ಎಸೆಯಲು ಮನಸ್ಸಾಗುತ್ತಿರಲಿಲ್ಲ. ಸವೆದ ಬಟ್ಟೆಗಳನ್ನೆಲ್ಲ ಒಗೆದು, ಒಣಗಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಕೊನೆಯ ಉಜ್ಜಿಗೆ ಅದನ್ನೇ ಹಾಸುತ್ತಿದ್ದರು. ಜಿಪುಣಿ ಅಂತ ಎಲ್ಲರೂ ನಗುತ್ತಿದ್ದುದರಿಂದ ಯಾರಿಗೂ ಹೇಳುತ್ತಿರಲಿಲ್ಲ. ತಾವೂ ಅದನ್ನು ಉಳಿತಾಯ ಅಂದುಕೊಂಡಿದ್ದರೇ ಹೊರತು ವಿಧಾನ ಅಂದುಕೊಂಡಿರಲಿಲ್ಲ. ಕೋಣೆ ತೊಳೆದ ಹುಡುಗರು ಆ ಡಬ್ಬಿಯನ್ನು ಕಸವೆಂದು ಎಸೆದಿದ್ದರು. ಆ ಆರು ಬಿಲ್ಲೆಗಳಿಗೆ ಇವರು ಹೊಸ ಬಟ್ಟೆಯನ್ನೇ ಹಾಸಿದ್ದರು. ಇಪ್ಪತ್ತೆರಡು ವರ್ಷದ ಗುಟ್ಟು ಕಸದ ಗಾಡಿ ಹತ್ತಿ ಹೋಗಿತ್ತು.

ಬೆಳಿಗ್ಗೆ ಮೇಷ್ಟ್ರಿಗೆ ಇದನ್ನು ಹೇಳಿದಾಗ ಹಿಂದೆ ನಿಂತಿದ್ದ ಒಬ್ಬ ಸಂಶೋಧಕ ಮೆಲ್ಲಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದ. ಕನ್ನಡಿಯಮ್ಮನಿಗೆ ರೇಗಿತು. ಸಿಟ್ಟು ಒಳ್ಳೆಯ ಕಡೆಗೆ ತಿರುಗುವುದು ಅಪರೂಪ, ಅವತ್ತು ತಿರುಗಿತು. ಬೇಡದ ಉಕ್ಕಿನ ಚೂರುಗಳ ಮೇಲೆ ಮೂರು ದಿನ ಹೊಸ ಬಟ್ಟೆ ಓಡಿಸಿ ಓಡಿಸಿ ಪಳಗಿಸಿದರು. ಆಮೇಲೆ ಇಪ್ಪತ್ತು ಬಿಲ್ಲೆ ಉಜ್ಜಿದರು, ಹತ್ತು ಹೊಸ ಬಟ್ಟೆಯಲ್ಲಿ, ಹತ್ತು ಸವೆದದ್ದರಲ್ಲಿ. ನೋಡಲು ಎಲ್ಲವೂ ಒಂದೇ ಕನ್ನಡಿ. ಯಾವುದು ಯಾವುದೆಂದು ಅಳೆಯುವವರಿಗೆ ಗೊತ್ತಾಗಬಾರದೆಂದು ನಾದಿನಿಯನ್ನು ಕರೆಸಿ, ಬಿಲ್ಲೆಗಳ ಬೆನ್ನಿಗೆ ಆಕೆಗೆ ತೋಚಿದ ನಂಬರು ಗೀಚಿಸಿದರು. ಪಟ್ಟಿ ಗ್ರಂಥಾಲಯದ ಬೀರುವಿನಲ್ಲಿ, ಬೀಗದ ಕೈ ನಾದಿನಿಯ ಸೊಂಟದಲ್ಲಿ.

ತಿಕ್ಕುವ ಯಂತ್ರ ಹದಿನೆಂಟು ದಿನ ಓಡಿತು. ಹತ್ತು ಬಿಲ್ಲೆ ಬೇಗ ಸೋತವು. ಉಳಿದ ಹತ್ತು ಎರಡು ಲಕ್ಷ ದಾಟಿದವು. ನಾದಿನಿ ಬೀರು ತೆಗೆದು ಪಟ್ಟಿ ಓದಿದಳು. ಸೋತದ್ದೆಲ್ಲ ಹೊಸ ಬಟ್ಟೆಯವು, ಗೆದ್ದದ್ದೆಲ್ಲ ಸವೆದದ್ದರವು. ಒಂದೂ ಅದಲುಬದಲಾಗಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಕಾರಣವೂ ಸಿಕ್ಕಿತು. ಹೊಸ ಬಟ್ಟೆಯ ಗಡಸು ಎಳೆ ವಜ್ರದ ಪುಡಿಯನ್ನು ಉಕ್ಕಿನೊಳಕ್ಕೆ ಚುಚ್ಚುತ್ತಿತ್ತು. ಲೇಪ ಏಳುತ್ತಿದ್ದದ್ದು ಆ ಕಾಳುಗಳಿಂದ. ನೆಲ ಡೊಂಕು ಅಂದಿದ್ದ ಸಂಶೋಧಕ ಬಂದು ತಪ್ಪಾಯ್ತಮ್ಮ ಅಂದ. ಅವನಿಗೆ ಒಂದು ಚೂರು ಉಕ್ಕು ಕೊಟ್ಟು ಬಟ್ಟೆ ಪಳಗಿಸಲು ಕೂರಿಸಿದರು. ಪ್ರಾಯಶ್ಚಿತ್ತ ಮೂರು ದಿನದ್ದು.

ಆ ಇನ್ನೊಂದು ಪ್ರಯೋಗಾಲಯಕ್ಕೂ ಬರೆದು ಕಳಿಸಿದರು. ತಿಂಗಳೊಳಗೆ ಉತ್ತರ ಬಂತು: ನಮ್ಮಲ್ಲೂ ಲೇಪ ನಿಂತಿತು, ಇದನ್ನು ಕಂಡುಹಿಡಿದವರಿಗೆ ಅಭಿನಂದನೆ ತಿಳಿಸಿ. ಮೇಷ್ಟ್ರು ಆ ಪತ್ರವನ್ನು ಎಲ್ಲರ ಮುಂದೆ ಓದಿದರು. ಕನ್ನಡಿಯಮ್ಮ ಮತ್ತೆ ಅತ್ತರು, ಈ ಸಲ ಮರೆಮಾಚುವ ಗೋಜಿಗೆ ಹೋಗಲಿಲ್ಲ. ಸ್ಟೋರಿನ ವರ್ಗಾವಣೆ ಅದೇ ವಾರ ರದ್ದಾಯಿತು.

ಫಾರಂ ತುಂಬಲು ಮೇಷ್ಟ್ರು ನೆಲಮಹಡಿಗೇ ಲ್ಯಾಪ್‌ಟಾಪು ಹಿಡಿದು ಬಂದರು. ಹೊಸ ಪ್ರಬಂಧ ಸವೆದ ಬಟ್ಟೆಯ ಬಗ್ಗೆಯೇ. ಯೋಚನೆ ಯಾರದು, ಬಿಲ್ಲೆ ಯಾರವು, ಪರೀಕ್ಷೆ ಹೀಗೆ ಮಾಡಬೇಕೆಂದವರು ಯಾರು ಅಂತ ಒಂದೊಂದೇ ಸಾಲು ಓದುತ್ತ ಹೋದರು. ನಿಮಗೆ ನೀವು ಎಷ್ಟು ಹಾಕಿಕೊಳ್ಳುತ್ತೀರಿ ಅಂತ ಕೇಳಿದರು.

"ನಲವತ್ತು," ಅಂದರು ಕನ್ನಡಿಯಮ್ಮ, ರೆಪ್ಪೆ ಬಡಿಯದೆ.

ಮೇಷ್ಟ್ರು ಸ್ವಲ್ಪ ಹೊತ್ತು ಕೂಡಿಸಿ ಕಳೆದು ನೋಡಿದರು. "ಕಮ್ಮಿ ಆಯ್ತು. ಐವತ್ತೈದು ಹಾಕ್ತೀನಿ," ಅಂದರು.

ಹೆಚ್ಚು ಅಂಕದವರ ಹೆಸರು ಮೊದಲು. ಮೇಷ್ಟ್ರು ಮೊದಲ ಸಾಲಿಗೆ ಹೋಗಿ ಕೀಲಿಮಣೆಯ ಮೇಲೆ ಬೆರಳಿಟ್ಟರು, ಇಟ್ಟ ಬೆರಳು ಹಾಗೇ ನಿಂತಿತು. ಅವರ ಕಿವಿ ಕೆಂಪಾಯಿತು.

"ಅಮ್ಮ, ನಿಮ್ಮ ಪೂರ್ತಿ ಹೆಸರು ಏನು?"

ಕನ್ನಡಿಯಮ್ಮ ಸ್ಟೂಲಿನಿಂದ ಎದ್ದು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮೇಷ್ಟ್ರು ಟೈಪು ಮಾಡಿದರು. ಒಂದು ಅಕ್ಷರ ತಪ್ಪಾಗಿತ್ತು. ತಿದ್ದಿಸಿದರು.