ದಪ್ಪಕ್ಷರದ ಪಕ್ಕದ ಸಣಕಲು ಚಿಹ್ನೆ

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದ ಅವನನ್ನು ಎಲ್ಲರೂ ಮುಂಗೋಪಿ ಎನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಅಕ್ಷರ ತಪ್ಪು ತೋರಿಸಿದರೆ ತೆಪ್ಪಗೆ ತಿದ್ದಿಕೊಡುವ ಮನುಷ್ಯ. ಬೆಲೆಪಟ್ಟಿಯ ದಪ್ಪಕ್ಷರದಲ್ಲಿ ರೂಪಾಯಿ ಚಿಹ್ನೆ ಮಾತ್ರ ಯಾಕೆ ಸಣಕಲು ಎಂದು ಕೇಳಿದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದ. ಅಂಕಿಗಳೆಲ್ಲ ಉಂಡು ತೇಗಿವೆ, ಚಿಹ್ನೆಯೊಂದೇ ಉಪವಾಸ ಎಂದು ಗಿರಾಕಿಗಳು ನಗುತ್ತಿದ್ದರು.

ಆ ಚಿಹ್ನೆ ಬರೆದವಳು ಅವನ ಹೆಂಡತಿ. ಅವನ ಪಕ್ಕದ ಕಂಪ್ಯೂಟರಿನಲ್ಲೇ ಅವಳ ಕೆಲಸ. ರೂಪಾಯಿಗೆ ಹೊಸ ಚಿಹ್ನೆ ಬಂದಾಗ ಇವರ ಫಾಂಟುಗಳಲ್ಲಿ ಅದು ಇರಲಿಲ್ಲ; ಅದು ಬರಬೇಕಾದಲ್ಲೆಲ್ಲ ಖಾಲಿ ಚೌಕ ಬೀಳುತ್ತಿತ್ತು. ಅವನು ತಲೆ ಮೇಲೆ ಕೈ ಹೊತ್ತು ಕೂತ. ಅವಳು ಪೆನ್ಸಿಲಿನಲ್ಲಿ ಬರೆದು, ಸ್ಕ್ಯಾನ್ ಮಾಡಿ, ಒಂದೊಂದೇ ಫಾಂಟಿಗೆ ಒಪ್ಪುವ ಹಾಗೆ ತಿದ್ದಿ ಸೇರಿಸಿದಳು. ಅವಳ ಚಿಹ್ನೆಯ ನಡುವಿನ ಅಡ್ಡಗೆರೆ ಬಲಕ್ಕೆ ಬರುತ್ತ ಕೊಂಚ ಕೆಳಗೆ ಬಾಗಿತ್ತು. ಅವಳ ಕೈಬರಹವೂ ಹಾಗೇ. ದಪ್ಪಕ್ಷರದ ಫಾಂಟೊಂದು ಉಳಿದಿತ್ತು. ಸದ್ಯಕ್ಕೆ ತೆಳು ಚಿಹ್ನೆಯನ್ನೇ ಅಲ್ಲಿಟ್ಟು, ಸೋಮವಾರ ಸರಿ ಮಾಡುವೆ ಎಂದಿದ್ದಳು. ಭಾನುವಾರ ಆಸ್ಪತ್ರೆ ಸೇರಿದವಳು ಮನೆಗೆ ಮರಳಲಿಲ್ಲ.

ಆಮೇಲೆ ಅವನು ಅದನ್ನು ಮುಟ್ಟಲಿಲ್ಲ. ತಾನು ತಿದ್ದಿಬಿಟ್ಟರೆ ಅವಳು ಬಂದು ಮಾಡಬೇಕಾದ ಕೆಲಸವೇ ಉಳಿಯುವುದಿಲ್ಲ ಎಂಬ ಹುಚ್ಚು ಅವನಿಗೆ. ದುಃಖಕ್ಕೆ ಬುದ್ಧಿ ಹೇಳುವವರು ಯಾರು?

ಮಾಲೀಕರ ಮಗಳು ಪ್ರೆಸ್ಸು ವಹಿಸಿಕೊಂಡು ಹೊಸ ಸಾಫ್ಟ್‌ವೇರ್ ತಂದಳು. ಅದರಲ್ಲಿ ತೆಳುವಿಗೆ ತೆಳು, ದಪ್ಪಕ್ಕೆ ದಪ್ಪ, ಎಲ್ಲ ಚಿಹ್ನೆಯೂ ಸಿದ್ಧ. ಹಳೆಯ ಫಾಂಟುಗಳು ಅಲ್ಲಿ ನಡೆಯುವುದಿಲ್ಲ, ಅಳಿಸಿಬಿಡಿ ಎಂದು ಅವನಿಗೇ ಹೇಳಿದಳು. ಜಗಳ ತೆಗೆಯಲು ಅವನಿಗೆ ಯಾವ ನೆಪವೂ ಸಿಗಲಿಲ್ಲ.

ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ. ದಪ್ಪಕ್ಷರದ ಫಾಂಟನ್ನು ತೆರೆದು, ಅವಳ ಗೆರೆಗಳಿಗೆ ಎರಡೂ ಬದಿಯಿಂದ ಚೂರುಚೂರೇ ಮೈ ತುಂಬಿಸಿದ. ಬಾಗಿದ್ದ ಅಡ್ಡಗೆರೆಯನ್ನು ಬಾಗಿದಂತೆಯೇ ಬಿಟ್ಟ. ಆಗಾಗ ನಿಲ್ಲಿಸಿ, ಕಣ್ಣೊರೆಸಿಕೊಂಡು ಮುಂದುವರಿಸಿದ. ಆ ಚಿಹ್ನೆ ಇಟ್ಟು ಬೆಲೆಪಟ್ಟಿಯ ಒಂದೇ ಒಂದು ಹಾಳೆ ಮುದ್ರಿಸಿಕೊಂಡ. ಆಮೇಲೆ ಫಾಂಟುಗಳನ್ನೆಲ್ಲ ಅಳಿಸಿದ.

ಮಾಲೀಕರ ಮಗಳು ಆ ಹಾಳೆ ಕೈಗೆತ್ತಿಕೊಂಡು ನೋಡಿದಳು. “ಎಷ್ಟು ಚೆನ್ನಾಗಿ ಕೂತಿದೆಯಲ್ಲ ಅಂಕಲ್. ಇಷ್ಟು ವರ್ಷ ಯಾಕೆ ಹಾಗೇ ಬಿಟ್ಟಿದ್ರಿ?”

ಮುಂಗೋಪಿಗೆ ಅವತ್ತು ಕೋಪ ಬರಲಿಲ್ಲ. ಹಾಳೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ಮುಟ್ಟದ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

“ಮಾಡ್ತಿದ್ದವಳಿಗೆ ಪುರುಸೊತ್ತಾಗ್ಲಿಲ್ಲಮ್ಮ” ಎಂದ.