ಹ್ಯಾಂಡಲ್ ಕೆಳಗಿನ ರಿಂಗುಗಳು

ಪ್ರತಿ ಭಾನುವಾರ ನಾನು, ನನ್ನ ಗಂಡ, ಅವರ ಬಾಲ್ಯದ ಗೆಳೆಯ ಮೂವರೂ ಸಾಗರದಿಂದ ಹೊಸನಗರದ ಕಡೆಗೆ ಮೌಂಟನ್ ಬೈಕಿನಲ್ಲಿ ಹೋಗುತ್ತೇವೆ. ಗಂಡಸರಿಬ್ಬರಿಗೂ ಅರವತ್ತು ದಾಟಿದೆ. ಶನಿವಾರ ಮಧ್ಯಾಹ್ನ ನಮ್ಮಿಬ್ಬರ ಸೈಕಲ್ ತೊಳೆದು ಎಣ್ಣೆ ಬಿಡುವುದು ಮೊದಲಿನಿಂದಲೂ ನನ್ನ ಪಾಲಿನ ಕೆಲಸ. ಆ ಹೊತ್ತಿಗೆ ನಮ್ಮವರು ಉಂಡು ಗೊರಕೆ ಹೊಡೆಯುತ್ತಿರುತ್ತಿದ್ದರು.

ಕಳೆದ ವರ್ಷದಿಂದ ಅವರಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಬೆರಳು ಜೋಮು ಹಿಡಿಯುತ್ತಿತ್ತು. ಬೆನ್ನು ಮೊದಲಿನಷ್ಟು ಬಗ್ಗುವುದಿಲ್ಲ, ಹ್ಯಾಂಡಲ್ ಸ್ವಲ್ಪ ಎತ್ತರಿಸೋಣ ಎಂದರೆ ಮೂಗಿನ ತುದಿಯಲ್ಲೇ ಸಿಟ್ಟು. "ಅಜ್ಜನ ಸೈಕಲ್ ಮಾಡ್ಬೇಡ ನಂದನ್ನ" ಎಂದರು. ಈ ಹಟಮಾರಿಯ ಹತ್ತಿರ ಯಾರು ಗುದ್ದಾಡುತ್ತಾರೆ? ಹ್ಯಾಂಡಲ್ ಕೂರಿಸುವ ಕೊಳವೆಯಲ್ಲಿ ಅದರ ಮೇಲಿದ್ದ ತೆಳ್ಳನೆಯ ರಿಂಗುಗಳನ್ನು ವಾರ ಬಿಟ್ಟು ವಾರ ಒಂದೊಂದೇ ತೆಗೆದು ಅದರ ಕೆಳಗೆ ಸೇರಿಸುತ್ತ ಹೋದೆ. ಹ್ಯಾಂಡಲ್ ಮೇಲೆ ಬಂದದ್ದು ಅವರಿಗೆ ತಿಳಿಯಲೇ ಇಲ್ಲ. "ನೋಡು ಮಾರಾಯ್ತಿ, ನೋವೇ ಇಲ್ಲ! ಎಲ್ಲಾ ಅಭ್ಯಾಸ" ಎಂದು ಬೀಗಿದಾಗ ಒಳಗೊಳಗೇ ನಕ್ಕೆ.

ಆಮೇಲೆ ಜೊತೆಗೆ ಬರುವ ಆ ಗೆಳೆಯರಿಗೂ ಕೈ ಜೋಮು ಶುರುವಾಯಿತು. ಹ್ಯಾಂಡಲ್ ಎತ್ತರಿಸುತ್ತೇನೆ ಎಂದು ದಾರಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೇಳಿದರು.

"ಎಂತಕ್ಕೆ ಅದೆಲ್ಲ? ನನ್ನ ನೋಡು, ಹಳೇ ಅಳತೇಲೇ ಇದೀನಿ. ಬಿಡದೆ ಹೊಡಿ, ತನ್ನಷ್ಟಕ್ಕೆ ಹೋಗ್ತದೆ" ಎಂದರು ನಮ್ಮವರು.

ನಾನು ಎದುರಿಗೇ ಕೂತಿದ್ದೆ. ಬಾಯಲ್ಲಿ ಬನ್ಸ್ ಇತ್ತು. ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ.

ಆ ಮಾತು ನಂಬಿ ಗೆಳೆಯರು ಹ್ಯಾಂಡಲ್ ಎತ್ತರಿಸಲಿಲ್ಲ. ಮುಂದಿನ ಭಾನುವಾರ ಇಳಿಜಾರಿನಲ್ಲಿ ಅವರ ಬೆರಳಿಗೆ ಬ್ರೇಕ್ ಹಿಡಿಯುವ ಶಕ್ತಿಯೇ ಇರಲಿಲ್ಲ. ಚರಂಡಿಗೆ ಬಿದ್ದರು, ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿ ಮನೆಗೆ ಬಂದಮೇಲೆ ನಮ್ಮವರು, "ಪಾಪ, ಅವ್ನಿಗೆ ಅಭ್ಯಾಸ ಸಾಲ್ದು" ಎಂದರು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎದ್ದು ಹೋಗಿ ರಿಂಗುಗಳನ್ನು ಮುಟ್ಟಿ ನೋಡಿದರು. "ನನ್ನ ಬಾಯಲ್ಲಿ ಅವ್ನಿಗೆ ಸುಳ್ಳು ಹೇಳಿಸ್ದೆ ಅಲ್ಲೇನೇ" ಎಂದರು, ಅಷ್ಟೇ.

ಮರುದಿನ ಗೆಳೆಯರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ, ಅವರ ಹ್ಯಾಂಡಲನ್ನು ತಾವೇ ಎತ್ತರಿಸಿ ಬಂದರು. ತಮ್ಮದನ್ನು ಇಳಿಸಲಿಲ್ಲ. ಕೇಳಿದವರಿಗೆಲ್ಲ "ನಂದೂ ಅಜ್ಜನ ಸೈಕಲ್ಲೇ" ಎನ್ನುತ್ತಾರೆ. ಗೆಳೆಯರು ನನ್ನನ್ನು ಕಂಡರೆ ಈಗಲೂ ನಗುತ್ತಾರೆ, ನನಗೇ ಮುಖ ಎತ್ತಲಾಗುವುದಿಲ್ಲ.

ಈಗ ಶನಿವಾರ ಮಧ್ಯಾಹ್ನ ನಮ್ಮವರು ಮಲಗುವುದಿಲ್ಲ. ತಮ್ಮ ಸೈಕಲ್ಲನ್ನು ತಾವೇ ತೊಳೆದುಕೊಳ್ಳುತ್ತಾರೆ.